ಕರೆಂಟು ವಾಪಸ್ ಬರುವ ದಾರಿ

ಆಯುಧ ಪೂಜೆಗೆ ಇನ್ನೊಂದು ವಾರ ಇದೆ ಎನ್ನುವಾಗ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳ ಮುಂದೆ ಲಾರಿಗಳು ಒತ್ತೊತ್ತಾಗಿ ನಿಲ್ಲತೊಡಗುತ್ತವೆ. ಪುಣೆ–ಬೆಂಗಳೂರು ಹೆದ್ದಾರಿ ಊರ ನಡುವೆಯೇ ಹಾದುಹೋಗುತ್ತಿದ್ದ ದಿನಗಳಲ್ಲಿ ಹುಟ್ಟಿಕೊಂಡ ಕಸುಬಿದು. ಹೆದ್ದಾರಿ ಬೈಪಾಸಿಗೆ ಸರಿಯಿತು, ಅದರ ನಂಬರು ನಾಲ್ಕು ಹೋಗಿ 48 ಆಯಿತು, ಕಸುಬು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಪಾಟಾ ಬಡಿಯುವವರು, ರೇಡಿಯೇಟರಿಗೆ ಬೆಸುಗೆ ಹಾಕುವವರು, ಬಾಡಿ ಕಟ್ಟುವವರು, ಹಿಂದಿನ ಹಲಗೆಯ ಮೇಲೆ ನವಿಲು ಬರೆಯುವ ಪೇಂಟರುಗಳು. ಇವರ ಮಧ್ಯೆ ಹತ್ತಡಿ ಅಗಲದ ಒಂದು ಮಳಿಗೆ. ಬೋರ್ಡಿನ ಮೇಲೆ ಡೈನಮೋ, ಸೆಲ್ಫ್, ವೈರಿಂಗ್ ಎಂದು ಬರೆದಿದೆ. ಒಳಗೆ ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರಿನ ಸುರುಳಿಗಳು, ಒಡೆದ ಹೋಲ್ಡರುಗಳು, ಸುಟ್ಟ ರಿಲೇಗಳ ಒಂದು ಡಬ್ಬ. ಈ ಡಬ್ಬವನ್ನು ಮೇಸ್ತ್ರಿ ಬಿಸಾಡುವುದಿಲ್ಲ. ಗಿರಾಕಿ ವಾದಕ್ಕೆ ನಿಂತಾಗ ತೋರಿಸಲಿಕ್ಕೆ ಬೇಕಾಗುತ್ತದೆ.

ಹಬ್ಬದ ಮುಂಚಿನ ಗಿರಾಕಿಗಳ ಬೇಡಿಕೆ ಹೆಚ್ಚುಕಡಿಮೆ ಒಂದೇ. ಕ್ಯಾಬಿನ್ನಿನ ನೆತ್ತಿಗೆ ಬಣ್ಣದ ಎಲ್‌ಇಡಿ ಪಟ್ಟಿ ಬೇಕು, ಬಂಪರಿಗೆ ಫಾಗ್ ಲ್ಯಾಂಪು ಬೇಕು, ಡ್ಯಾಶ್‌ಬೋರ್ಡಿನ ಮೇಲಿನ ದೇವರ ಫೋಟೊಕ್ಕೆ ಓಡುವ ದೀಪ ಬೇಕು. ಹಾಡಿಗೆ ಮ್ಯೂಸಿಕ್ ಸಿಸ್ಟಂ, ಸೆಕೆಗೆ ಫ್ಯಾನು, ಮೂರು ಮೊಬೈಲಿಗೆ ಮೂರು ಚಾರ್ಜರು. ಮಾಲೀಕರ ಕಡೆಯಿಂದ ಜಿಪಿಎಸ್. ಲಾರಿ ಕಂಪನಿಯಿಂದ ಬರುವಾಗ ಇದ್ದ ವೈರಿಂಗಿನ ಮೇಲೆ ಇವೆಲ್ಲ ಒಂದೊಂದಾಗಿ, ಒಂದೊಂದು ಊರಿನಲ್ಲಿ, ಒಬ್ಬೊಬ್ಬರ ಕೈಯಲ್ಲಿ ಸೇರಿಕೊಳ್ಳುತ್ತವೆ. ಚಳ್ಳಕೆರೆಯವನು ಹಾಕಿದ್ದರ ಮೇಲೆ ಸಾಂಗ್ಲಿಯವನು ಜೋಡಿಸಿರುತ್ತಾನೆ, ಸಾಂಗ್ಲಿಯವನು ಬಿಟ್ಟ ತುದಿಯಿಂದ ಸೇಲಂನವನು ಎಳೆದಿರುತ್ತಾನೆ. ಯಾರ ಬಳಿಯೂ ನಕ್ಷೆಯಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಬಿಚ್ಚಿದರೆ ಆ ಲಾರಿಯ ಸಂಚಾರದ ಚರಿತ್ರೆ ಟೇಪು ಸುತ್ತಿದ ಗಂಟುಗಳಲ್ಲಿ ಕಾಣುತ್ತದೆ.

ಬೆಳಿಗ್ಗೆಯಿಂದ ನಿಂತಿರುವ ಹತ್ತು ಚಕ್ರದ ಲಾರಿಯ ಕಥೆಯೂ ಅದೇ. ಮೆಕ್ಕೆಜೋಳದ ಲೋಡಿಗೆ ಕಾಯುತ್ತಿದೆ. ಪಾರ್ಕಿಂಗ್ ಲೈಟಿನ ಸ್ವಿಚ್ಚು ಹಾಕಿದ ಕೂಡಲೇ ಫ್ಯೂಸು ಹೋಗುತ್ತದೆ.

“ಮೊನ್ನೆ ಎಲ್‌ಇಡಿ ಹಾಕಿಸ್ದೆ ಮೇಸ್ತ್ರಿ. ಅವತ್ತಿಂದ ಹಿಂಗೇ. ಎಲ್‌ಇಡಿನೇ ಖರಾಬ್ ಐತಿ ಅನ್ಸುತ್ತೆ, ಕಿತ್ತಾಕ್ರಿ ಅತ್ಲಾಗೆ” ಎಂದ ಡ್ರೈವರ್.

ಮೇಸ್ತ್ರಿ ಉತ್ತರ ಕೊಡದೆ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರು. 10 ಆಂಪಿಯರಿನ ಕೆಂಪು ಫ್ಯೂಸ್ ಕೂರಬೇಕಾದ ಜಾಗದಲ್ಲಿ 30ರ ಹಸಿರು ಫ್ಯೂಸು ಕೂತಿತ್ತು. ಅದೂ ಸುಟ್ಟು, ಅದರ ಎರಡು ಕಾಲಿಗೆ ಯಾರೋ ತಾಮ್ರದ ಎಳೆ ಸುತ್ತಿದ್ದರು. ಅದನ್ನು ಇಕ್ಕಳದಲ್ಲಿ ಹಿಡಿದು ಕ್ಲೀನರ್ ಹುಡುಗನ ಮುಖದ ಮುಂದೆ ಆಡಿಸಿದರು. ಹುಡುಗ ಆಚೆ ನೋಡಿದ. ಫ್ಯೂಸು ಇರುವುದು ದೀಪವನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಹತ್ತು ತಡೆಯುವ ವೈರಿನ ಬಾಯಿಗೆ ಮೂವತ್ತರ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ವೈರೇ ಕರಗುತ್ತದೆ. ತಾಮ್ರದ ಎಳೆ ಹಾಕಿದರಂತೂ ಕ್ಯಾಬಿನ್ನಿಗೇ ಬೆಂಕಿ. ಫ್ಯೂಸ್ ಬಾಕ್ಸಿನ ಹಿಂದೆ ಒಂದು ಗೇಣು ವೈರಿನ ಸಿಪ್ಪೆ ಆಗಲೇ ಮೆತ್ತಗಾಗಿ ಪಕ್ಕದ ವೈರಿಗೆ ಅಂಟಿಕೊಂಡಿತ್ತು. ಅಷ್ಟನ್ನು ಮೊದಲು ಕತ್ತರಿಸಿ ಬದಲಾಯಿಸಿದರು.

ಆಮೇಲೆ ನಡೆದದ್ದು ನೋಡುವಂಥ ಕೆಲಸ. ಹೊಸ ಫ್ಯೂಸ್ ಹಾಕಿ, ಅದು ಹೋದರೆ ಇನ್ನೊಂದು ಹಾಕಿ ನೋಡುವ ಅಭ್ಯಾಸ ಎಲ್ಲ ಕಡೆ ಇದೆ. ಒಂದು ಡಬ್ಬಿ ಫ್ಯೂಸು ಮುಗಿದರೂ ಅದರಿಂದ ಏನೂ ತಿಳಿಯುವುದಿಲ್ಲ. ಮೇಸ್ತ್ರಿ ಇಂಡಿಕೇಟರಿನ 24 ವೋಲ್ಟ್, 21 ವ್ಯಾಟಿನ ಒಂದು ಬಲ್ಬು ತೆಗೆದುಕೊಂಡು, ಅದರ ಎರಡು ವೈರುಗಳನ್ನು ಫ್ಯೂಸು ಕೂರುವ ಎರಡು ಸೀಳುಗಳಿಗೆ ಸಿಕ್ಕಿಸಿದರು. ಈಗ ಫ್ಯೂಸಿನ ಜಾಗದಲ್ಲಿ ಬಲ್ಬೇ ಕೂತಂತಾಯಿತು. ಮುಂದೆ ಎಲ್ಲೇ ಶಾರ್ಟ್ ಇದ್ದರೂ ಈ ಬಲ್ಬು ಒಂದು ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ವೈರು ಬಿಸಿಯಾಗುವುದಿಲ್ಲ, ಏನೂ ಸುಡುವುದಿಲ್ಲ, ಹೊತ್ತು ಎಷ್ಟಾದರೂ ಹುಡುಕಬಹುದು. ಮಳಿಗೆಯ ಹುಡುಗ ಲಾರಿಯ ಸುತ್ತ ಓಡಾಡಿ ಪಾರ್ಕಿಂಗ್ ಬಲ್ಬುಗಳನ್ನೆಲ್ಲ ಹೋಲ್ಡರಿನಿಂದ ಬಿಚ್ಚಿದ, ಎಲ್‌ಇಡಿ ಪಟ್ಟಿಯ ಪ್ಲಗ್ಗನ್ನೂ ಕಳಚಿದ. ದೀಪಗಳೆಲ್ಲ ಕಳಚಿದ ಮೇಲೆ ಕರೆಂಟಿಗೆ ಹೋಗಲು ದಾರಿಯೇ ಇರಬಾರದು. ಸ್ವಿಚ್ಚು ಹಾಕಿದರು. ಬಲ್ಬು ಭರ್ತಿ ಉರಿಯಿತು.

“ನೋಡಪ್ಪಾ, ನಿನ್ನ ಎಲ್‌ಇಡಿ ಕಳಚೈತಿ. ಶಾರ್ಟ್ ಇನ್ನೂ ಐತಿ.”

ಚಾಸಿಗೆ ಹೋಗುವ ಹಿಂದಿನ ಕನೆಕ್ಟರ್ ಬಿಚ್ಚಿದಾಗ ಬಲ್ಬು ಆರಿತು. ಅಂದರೆ ತೊಂದರೆ ಕ್ಯಾಬಿನ್ನಿನಲ್ಲಿಲ್ಲ, ಹಿಂದಿದೆ. ಮತ್ತೆ ಸಿಕ್ಕಿಸಿದರು, ಮತ್ತೆ ಉರಿಯಿತು. ಹುಡುಗ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ನುಸುಳಿದ. ಚಾಸಿಯ ಉದ್ದಕ್ಕೂ ಹೋಗುವ ವೈರಿನ ಕಟ್ಟನ್ನು ಮೊಳ ಮೊಳ ಹಿಡಿದು ಅಲ್ಲಾಡಿಸುತ್ತ ಹಿಂದಕ್ಕೆ ಸರಿದ. ಮೇಸ್ತ್ರಿಯ ಕಣ್ಣು ಕ್ಯಾಬಿನ್ನಿನ ಬಲ್ಬಿನ ಮೇಲೆ. ಗೇರ್ ಬಾಕ್ಸಿನ ಹತ್ತಿರ ಅಲ್ಲಾಡಿಸಿದ, ಬಲ್ಬು ಕದಲಲಿಲ್ಲ. ಡೀಸೆಲ್ ಟ್ಯಾಂಕಿನ ಹಿಂದೆ, ಇಲ್ಲ. ಸ್ಟೆಪ್ನಿಯ ಪಕ್ಕ, ಇಲ್ಲ. ಹಿಂದಿನ ಹೌಸಿಂಗ್ ದಾಟಿ ಒಂದು ಕಡೆ ಎಳೆದಾಗ ಬಲ್ಬು ಒಮ್ಮೆ ಮಿಣುಕಿತು.

“ಹಾಂ, ಅಲ್ಲೇ! ಇನ್ನೊಂದ್ಸಲ ಜಗ್ಗು.”

ಮತ್ತೆ ಮಿಣುಕಿತು. ಬಾಡಿಯನ್ನು ಚಾಸಿಗೆ ಬಿಗಿಯುವ ಯು-ಬೋಲ್ಟಿನ ಕೆಳಗೆ ಎಲ್‌ಇಡಿಗೆಂದು ಎಳೆದಿದ್ದ ಹೊಸ ವೈರು ಸಿಕ್ಕಿಕೊಂಡಿತ್ತು. ಹಾಕಿದವನು ವೈರಿಗೆ ಕೊಳವೆ ತೊಡಿಸಿರಲಿಲ್ಲ. ಅಲ್ಲಾಡದಿರಲಿ ಎಂದು ಬೋಲ್ಟಿನ ಸಂದಿಗೆ ತೂರಿಸಿದ್ದ. ಖಾಲಿ ಲಾರಿ ನಿಂತಾಗ ಸಣ್ಣ ಗಾಯವಾಗಿದ್ದದ್ದು ಲೋಡು ಬಿದ್ದು, ಹಂಪಿನ ಮೇಲೆ ಕುಣಿದು ತಾಮ್ರದ ತನಕ ಕೊಯ್ದಿತ್ತು. ಎಲ್‌ಇಡಿ ನಿರಪರಾಧಿ.

ಈ ಕಸುಬಿನಲ್ಲಿ ದೂರು ಕಾಣುವ ಜಾಗವೇ ಬೇರೆ, ಕಾಯಿಲೆ ಇರುವ ಜಾಗವೇ ಬೇರೆ. ಹಳೆಯದಕ್ಕೆ ಹೊಸದು ಸೇರುವ ಗಂಟಿನಲ್ಲೋ, ಹೊಸ ವೈರು ಹಾದುಬರುವ ದಾರಿಯಲ್ಲೋ ಅದು ಅಡಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾರೂ ತಲೆ ಕೆಡಿಸಿಕೊಳ್ಳದ ಇನ್ನೊಂದು ದಾರಿಯಲ್ಲಿ. ಬ್ಯಾಟರಿಯಿಂದ ದೀಪಕ್ಕೆ ಹೋಗುವ ಲೈನನ್ನು ಎಲ್ಲರೂ ಜತನದಿಂದ ಎಳೆಯುತ್ತಾರೆ. ದೀಪದಿಂದ ಬ್ಯಾಟರಿಗೆ ಕರೆಂಟು ವಾಪಸ್ ಬರಬೇಕಲ್ಲ, ಅದಕ್ಕೆ ಮಾತ್ರ ಸಿಕ್ಕಿದ ಕಬ್ಬಿಣಕ್ಕೆ ಒಂದು ತುದಿ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಕಬ್ಬಿಣವೆಲ್ಲ ಅರ್ಥ್ ಎಂಬ ನಂಬಿಕೆ.

ಮಧ್ಯಾಹ್ನ ಬಂದ ಟಿಪ್ಪರಿನದು ಇದರ ಅಚ್ಚುಕಟ್ಟಾದ ಉದಾಹರಣೆ. ಬ್ರೇಕ್ ತುಳಿದರೆ ಎಡಗಡೆಯ ಬ್ರೇಕ್ ಲೈಟು ಮಂಕಾಗಿ ಉರಿಯುತ್ತದೆ. ಜೊತೆಗೆ ನಂಬರ್ ಪ್ಲೇಟಿನ ದೀಪವೂ ಮುಂದಿನ ಪಾರ್ಕಿಂಗ್ ದೀಪಗಳೂ ಕೆಂಪಗೆ ಮಿಣಿಮಿಣಿ ಎನ್ನುತ್ತವೆ. ಸ್ವಿಚ್ಚು ಆಫ್ ಇದ್ದರೂ! ಡ್ರೈವರಿಗೆ ಇದು ದೆವ್ವದ ಆಟದಂತೆ ಕಂಡಿದೆ. ಕನ್ನಡಿಗೆ ನಿಂಬೆಹಣ್ಣು ಬೇರೆ ಕಟ್ಟಿದ್ದಾನೆ. ಮೇಸ್ತ್ರಿಗೆ ಮಾತ್ರ ನೋಡಿದ ಕೂಡಲೇ ಗೊತ್ತಾಯಿತು. ಹಿಂದಿನ ಬಲ್ಬಿನೊಳಗೆ ಎರಡು ತಂತಿಗಳಿವೆ. ಬ್ರೇಕಿನದು 21 ವ್ಯಾಟು, ಪಾರ್ಕಿಂಗಿನದು 5 ವ್ಯಾಟು. ಎರಡಕ್ಕೂ ಹೊರಹೋಗುವ ದಾರಿ ಒಂದೇ, ಅದು ಹೋಲ್ಡರಿನ ಅರ್ಥ್. ಆ ಅರ್ಥ್ ಕಡಿದುಹೋದರೆ ಬ್ರೇಕಿನ ತಂತಿಯಲ್ಲಿ ಬಂದ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಪಾರ್ಕಿಂಗ್ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಪಾರ್ಕಿಂಗ್ ಲೈನಿಗೆ ಬಂದು, ಆ ಲೈನಿನಲ್ಲಿರುವ ಬೇರೆ ದೀಪಗಳ ಒಳ್ಳೆಯ ಅರ್ಥ್ ಹಿಡಿದು ಬ್ಯಾಟರಿ ಸೇರುತ್ತದೆ. ಹೋಗುವ ದಾರಿಯಲ್ಲಿ ಸಿಕ್ಕ ದೀಪಗಳನ್ನೆಲ್ಲ ಅಷ್ಟಿಷ್ಟು ಹೊತ್ತಿಸುತ್ತದೆ.

ಅರ್ಥ್ ಕಡಿದದ್ದು ಹೇಗೆ? ಚಾಸಿಗೆ ಹಬ್ಬದ ಹೊಸ ಬಣ್ಣ. ಪೇಂಟರ್ ಬಳಿದ ದಪ್ಪ ಬಣ್ಣದ ಮೇಲೆಯೇ ಅರ್ಥಿನ ಥಿಂಬಲ್ ಇಟ್ಟು ಬೋಲ್ಟು ಬಿಗಿದಿದ್ದಾರೆ. ಕಣ್ಣಿಗೆ ಗಟ್ಟಿಯಾಗಿ ಕೂತಿದೆ, ಎಳೆದರೂ ಬರುವುದಿಲ್ಲ, ಆದರೆ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಬಣ್ಣದ ಗೋಡೆ. ಮೇಸ್ತ್ರಿ ಮೀಟರಿನ ಕಪ್ಪು ಕಡ್ಡಿಯನ್ನು ಉದ್ದ ವೈರಿನಿಂದ ಬ್ಯಾಟರಿಯ ಮೈನಸ್ಸಿಗೆ ಸೇರಿಸಿ, ಕೆಂಪು ಕಡ್ಡಿಯನ್ನು ದೀಪದ ಹೋಲ್ಡರಿನ ಮೈಗೆ ಒತ್ತಿದರು. ಡ್ರೈವರಿಗೆ ಬ್ರೇಕ್ ತುಳಿಯಲು ಹೇಳಿದರು. ಅರ್ಥ್ ಸರಿಯಿದ್ದರೆ ಅಲ್ಲಿ ಸೊನ್ನೆಯ ಆಸುಪಾಸು ತೋರಬೇಕು, ಹೆಚ್ಚೆಂದರೆ ಅರ್ಧ ವೋಲ್ಟಿನೊಳಗೆ. ಮೀಟರು 20 ದಾಟಿತ್ತು. ಉಪ್ಪು ಕಾಗದದಿಂದ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಥಿಂಬಲ್ ಒತ್ತಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸು ಸವರಿದರು. ಮತ್ತೆ ತುಳಿದಾಗ ಬ್ರೇಕ್ ಲೈಟೊಂದೇ ಧಗ್ಗನೆ ಹೊತ್ತಿತು. ನಿಂಬೆಹಣ್ಣು ಅಲ್ಲೇ ಇರಲಿ, ಅದರಿಂದ ನಷ್ಟವೇನಿಲ್ಲ.

ಮೀಟರಿನ ವಿಷಯ ಬಂದದ್ದರಿಂದ ಒಂದು ಮಾತು. ಹೊಸ ಹುಡುಗರು ಮೀಟರನ್ನು ದೇವರಂತೆ ನಂಬುತ್ತಾರೆ, ಹಳೆಯ ಮೇಸ್ತ್ರಿಗಳು ಅದನ್ನು ಮುಟ್ಟುವುದೇ ಇಲ್ಲ. ಇಬ್ಬರದೂ ಅರ್ಧ ಸರಿ. ಮೀಟರು ತನಗಾಗಿ ಕರೆಂಟನ್ನು ಎಳೆದುಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿ, ಉಳಿದ ಒಂದೇ ಎಳೆಯಲ್ಲಿ ಜೀವ ಹಿಡಿದಿರುವ ವೈರಿನ ತುದಿಯಲ್ಲೂ ಅದು ಪೂರಾ 24 ತೋರಿಸಿಬಿಡುತ್ತದೆ. ಆ ತುದಿಗೆ ಫಾಗ್ ಲ್ಯಾಂಪು ಕೊಟ್ಟು ನೋಡಿ, ಉಸಿರೇ ಇಲ್ಲ. ಟೆಸ್ಟ್ ಲ್ಯಾಂಪು ಹಾಗಲ್ಲ. ಅದು ತಾನೇ ಒಂದಿಷ್ಟು ಕರೆಂಟು ಕುಡಿಯುತ್ತದೆ, ಲೈನಿನಲ್ಲಿ ತ್ರಾಣವಿಲ್ಲದಿದ್ದರೆ ಉರಿಯಲು ಒಪ್ಪುವುದಿಲ್ಲ. ನಮ್ಮ ಮೇಸ್ತ್ರಿಯ ಜೇಬಿನಲ್ಲಿ ಎರಡೂ ಇರುತ್ತವೆ.

ಆದರೆ ಟೆಸ್ಟ್ ಲ್ಯಾಂಪನ್ನು ಕಂಡಕಂಡಲ್ಲಿ ಚುಚ್ಚುವ ಕಾಲ ಮುಗಿದಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಲಾರಿಗಳ ಮೈತುಂಬ ಸೆನ್ಸರುಗಳು, ಅವುಗಳ ಲೆಕ್ಕ ಇಡುವ ಇಸಿಯು ಡಬ್ಬಿಗಳು. ಈ ಡಬ್ಬಿಗಳು ತಮ್ಮೊಳಗೆ ಮಾತಾಡಿಕೊಳ್ಳುವುದು ಒಂದಕ್ಕೊಂದು ಹೊಸೆದ ಎರಡು ಸಣ್ಣ ವೈರುಗಳ ಮೂಲಕ. ಅದಕ್ಕೆ ಕ್ಯಾನ್ ಲೈನ್ ಎನ್ನುತ್ತಾರೆ. ಅಲ್ಲಿ ಓಡುವುದು ದೀಪ ಹೊತ್ತಿಸುವ 24 ವೋಲ್ಟಲ್ಲ, ಎರಡು-ಮೂರು ವೋಲ್ಟಿನ ಸೂಕ್ಷ್ಮ ಸನ್ನೆ. ಜಿಪಿಎಸ್ ಹಾಕಲು ಬಂದ ಯಾರೋ ಅವಸರದಲ್ಲಿ ಲೈನ್ ಹುಡುಕುತ್ತ ಅದಕ್ಕೇ ಸೂಜಿ ಚುಚ್ಚಿ, ಸಿಪ್ಪೆ ಸುಲಿದು, ಜೋಡಿಸಿ, ಬರಿಯ ಟೇಪು ಸುತ್ತಿ ಹೋಗುತ್ತಾನೆ. ಮಳೆ ಬಂದು ಒಳಗೆ ನೀರಿಳಿದ ದಿನ ಡ್ಯಾಶ್‌ಬೋರ್ಡಿನಲ್ಲಿ ಕ್ರಿಸ್‌ಮಸ್ ಶುರುವಾಗುತ್ತದೆ: ಎಂಜಿನ್ನಿನ ದೀಪ, ಎಬಿಎಸ್ ದೀಪ, ಎಲ್ಲ ಒಟ್ಟಿಗೆ. ಗಾಡಿ ಎಳೆಯುವುದಿಲ್ಲ. ಅಂಥ ಲಾರಿ ಬಂದಾಗ ಮೇಸ್ತ್ರಿ ಮೊದಲು ಬ್ಯಾಟರಿ ಕಳಚುತ್ತಾರೆ. ಆಮೇಲೆ ಆ ಎರಡು ವೈರುಗಳ ನಡುವೆ ಮೀಟರಿಟ್ಟು ರೆಸಿಸ್ಟೆನ್ಸ್ ಅಳೆಯುತ್ತಾರೆ. ಲೈನಿನ ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಓಮ್ ಬಂದರೆ ಸರಿ. 120 ಬಂದರೆ ಎಲ್ಲೋ ಕಡಿದಿದೆ, ಸೊನ್ನೆಗೆ ಹತ್ತಿರವಾದರೆ ಎರಡೂ ಎಲ್ಲೋ ತಾಗಿಕೊಂಡಿವೆ. ಅದರಾಚೆಗೆ ಅವರು ಕೈ ಹಾಕುವುದಿಲ್ಲ. ಕಂಪನಿಯ ಸರ್ವಿಸಿಗೆ ಹೋಗು ಎನ್ನುತ್ತಾರೆ. ತನ್ನ ಕೆಲಸ ಎಲ್ಲಿಗೆ ನಿಲ್ಲಬೇಕು ಎಂದು ಗೊತ್ತಿರುವ ಮೇಸ್ತ್ರಿ ಈ ರಸ್ತೆಯಲ್ಲಿ ಹೆಚ್ಚಿಲ್ಲ. ಬಾಡಿ ಕಟ್ಟುವವರಿಗೂ ಅವರು ಹೇಳಿ ಸಾಕಾಗಿದ್ದಾರೆ: ಚಾಸಿಗೆ ವೆಲ್ಡಿಂಗ್ ಹಿಡಿಯುವ ಮುಂಚೆ ಬ್ಯಾಟರಿ ಬಿಚ್ಚಿರಪ್ಪಾ, ಇಸಿಯು ಹೋದರೆ ಅದರ ದುಡ್ಡು ನಿಮ್ಮ ಕೂಲಿಯಲ್ಲಿ ಹುಟ್ಟಲ್ಲ ಎಂದು. ಬಿಚ್ಚುವಾಗಲೂ ಮೈನಸ್ ಮೊದಲು. ಪ್ಲಸ್ಸಿಗೆ ಹಾಕಿದ ಪಾನಾ ಅಕಸ್ಮಾತ್ ಚಾಸಿಗೆ ತಗುಲಿದರೆ ಮೈನಸ್ ಬಿಚ್ಚಿದ್ದಾಗ ಏನೂ ಆಗುವುದಿಲ್ಲ, ಇದ್ದಾಗ ಪಾನಾ ಕೆಂಡವಾಗುತ್ತದೆ.

ಫಾಗ್ ಲ್ಯಾಂಪಿನದು ಹಳೆಯ ರೋಗ, ಔಷಧಿಯೂ ಹಳೆಯದೇ. 70 ವ್ಯಾಟಿನ ಎರಡು ಬಲ್ಬೆಂದರೆ ಹತ್ತಿರ ಹತ್ತಿರ 6 ಆಂಪಿಯರ್. ಡ್ಯಾಶ್‌ಬೋರ್ಡಿನ ಚಿಕ್ಕ ಸ್ವಿಚ್ಚಿನ ಮೂಲಕವೇ ಅಷ್ಟನ್ನೂ ಹಾಯಿಸಿದರೆ ಮೊದಮೊದಲು ಸ್ವಿಚ್ಚು ಬೆಚ್ಚಗಾಗುತ್ತದೆ, ಕೆಲವು ದಿನಕ್ಕೆ ಪ್ಲಾಸ್ಟಿಕ್ಕಿನ ಕಮಟು ವಾಸನೆ, ಒಂದು ರಾತ್ರಿ ಚಿತ್ರದುರ್ಗದ ಗಾಳಿಗಿರಣಿಗಳ ಹತ್ತಿರ ಎಲ್ಲೋ ಕತ್ತಲು. ನಡುವೆ ಒಂದು ರಿಲೇ ಇದ್ದರೆ ಸ್ವಿಚ್ಚು ರಿಲೇಯ ಸುರುಳಿಗೆ ಒಂದು ಚಿಟಿಕೆ ಕರೆಂಟು ಕೊಟ್ಟರೆ ಸಾಕು, ಭಾರವನ್ನು ರಿಲೇ ಹೊರುತ್ತದೆ. ರಿಲೇಯ ಕಾಲುಗಳ ನಂಬರು ಹುಡುಗನಿಗೆ ಮಗ್ಗಿಯಂತೆ ಬಾಯಿಪಾಠ: 30 ಬ್ಯಾಟರಿಗೆ, 87 ದೀಪಕ್ಕೆ, 85–86 ಸುರುಳಿಗೆ. ಬ್ಯಾಟರಿಯಿಂದ ಹೊರಟ ವೈರಿಗೆ ಒಂದು ಗೇಣಿನೊಳಗೇ ಫ್ಯೂಸು. ದೀಪದ ಹತ್ತಿರ ಫ್ಯೂಸ್ ಹಾಕಿದರೆ ನಡುವಿನ ಅಷ್ಟುದ್ದ ವೈರು ಅನಾಥ.

ಜೋಡಣೆಯ ವಿಷಯದಲ್ಲಿ ಮೇಸ್ತ್ರಿಗೆ ಸಾಲ್ಡರಿಂಗ್ ಅಷ್ಟಾಗಿ ಹಿಡಿಸುವುದಿಲ್ಲ. ರೇಡಿಯೊ ರಿಪೇರಿಗೆ ಅದು ಸರಿ, ಲಾರಿ ಅದುರುವ ಯಂತ್ರ. ಸೀಸ ಎಳೆಗಳೊಳಗೆ ಹೀರಿಕೊಂಡಷ್ಟು ದೂರ ವೈರು ಕಡ್ಡಿಯಾಗುತ್ತದೆ, ಕಡ್ಡಿ ಮುಗಿದು ಮೆತ್ತಗಿನ ಭಾಗ ಶುರುವಾಗುವ ಜಾಗದಲ್ಲಿ ಬಾಗಿ ಬಾಗಿ ತುಂಡಾಗುತ್ತದೆ. ಥಿಂಬಲ್ ಹಾಕಿ ಇಕ್ಕಳದಲ್ಲಿ ಸರಿಯಾಗಿ ಒತ್ತಿ, ಸ್ಲೀವ್ ತೊಡಿಸಿ ಬೆಂಕಿಗೆ ಹಿಡಿದು ಕುಗ್ಗಿಸಿದರೆ ವರ್ಷಗಟ್ಟಲೆ ನೋಡಬೇಕಾಗಿಲ್ಲ. ಟೇಪಿನ ಬಗ್ಗೆ ಕೇಳಲೇಬೇಡಿ. ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಸಿಪ್ಪೆ ಬಿಟ್ಟುಕೊಂಡು ಜೋತಾಡುತ್ತದೆ.

ಇನ್ನು ಕಾನೂನು. ಹಲವು ಸ್ವರದ ಹಾರ್ನನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ನಿಷೇಧಿಸಿವೆ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ರಾಜ್ಯದ ಪೊಲೀಸರು 2024ರಿಂದ ಕೇಸು ಹಾಕತೊಡಗಿದ್ದಾರೆ. ಗಿರಾಕಿಗೆ ಇದನ್ನು ಹೇಳಿದರೆ “ದಂಡ ಕಟ್ಟೋನು ನಾನು, ನೀವು ಹಾಕ್ರಿ” ಎನ್ನುತ್ತಾನೆ. ಮೇಸ್ತ್ರಿ ಹಾರ್ನು ಹಾಕುವುದಿಲ್ಲ. ಬಣ್ಣದ ಪಟ್ಟಿ ಹಾಕುತ್ತಾರೆ, ಹಬ್ಬವಲ್ಲವೇ.

ನಾಲ್ಕು ಗಂಟೆಗೆ ಬಂದ ಲಾರಿಯ ಡ್ರೈವರ್ ಇಪ್ಪತ್ತೈದರ ಹುಡುಗ, ಕೈಯಲ್ಲಿ ಹೊಸ ಮ್ಯೂಸಿಕ್ ಸಿಸ್ಟಮ್ಮಿನ ಪೆಟ್ಟಿಗೆ. ಕಾರಿನದು, 12 ವೋಲ್ಟಿನದು. ಲಾರಿಯದು 24. ಎರಡು 12ರ ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ 24 ಮಾಡಿರುತ್ತಾರೆ. ಹುಡುಗನ ಲೆಕ್ಕ ಸರಳ:

“ಒಂದೇ ಬ್ಯಾಟರಿಯಿಂದ ಎಳ್ಕೊಡ್ರಿ ಮಾವ. ಹನ್ನೆರಡು ಅಲ್ಲೇ ಸಿಗ್ತೈತಲ್ಲ.”

“ಸಿಗ್ತೈತಪ್ಪಾ. ಬಾ ಇಲ್ಲಿ.”

ಮಳಿಗೆಯ ಪಕ್ಕ ಇಳಿಸಿಟ್ಟಿದ್ದ ಬೇರೊಂದು ಲಾರಿಯ ಬ್ಯಾಟರಿ ಜೋಡಿಯ ಮುಚ್ಚಳಗಳನ್ನು ತಿರುವಿ ತೋರಿಸಿದರು. ಒಂದೇ ದಿನ ಕೊಂಡ, ಒಂದೇ ಕಂಪನಿಯ ಬ್ಯಾಟರಿಗಳು. ಒಂದರಲ್ಲಿ ನೀರು ಗುರುತಿನ ತನಕ ಇತ್ತು. ಇನ್ನೊಂದರಲ್ಲಿ ಪ್ಲೇಟುಗಳ ತಲೆ ಒಣಗಿ ಬೆಳ್ಳಗೆ ಕಾಣುತ್ತಿತ್ತು, ಮೈ ಸ್ವಲ್ಪ ಉಬ್ಬಿತ್ತು. ಮೀಟರಿಟ್ಟರು. ನೀರಿದ್ದದ್ದು 11.9, ಒಣಗಿದ್ದು 12.9. ನೊಗಕ್ಕೆ ಕಟ್ಟಿದ ಎರಡೆತ್ತಿನಲ್ಲಿ ಒಂದನ್ನೇ ರಾತ್ರಿ ಗಾಣಕ್ಕೂ ಹೂಡಿದ ಹಾಗೆ. ಆ ಲಾರಿಯಲ್ಲೂ ಹಾಡು ಕುಡಿದದ್ದು ಒಂದೇ ಬ್ಯಾಟರಿಯಿಂದ. ಆದರೆ ಡೈನಮೋಕ್ಕೆ ಅದು ಗೊತ್ತಿಲ್ಲ, ಅದಕ್ಕೆ ಕಾಣುವುದು ಜೋಡಿಯ ಒಟ್ಟು ವೋಲ್ಟೇಜು. ಅದು 28ರ ಹತ್ತಿರ ಇಟ್ಟು ಎರಡರೊಳಗೂ ಒಂದೇ ಕರೆಂಟು ಹಾಯಿಸುತ್ತದೆ. ಬಳಲಿದ್ದು ಹದಿಮೂರಕ್ಕೇರಲು ಏದುಸಿರು ಬಿಡುತ್ತಿರುವಾಗ ತುಂಬಿದ್ದರ ಪಾಲಿಗೆ ಹದಿನೈದು ಬೀಳುತ್ತದೆ. ಅದು ಕುದಿಯುತ್ತದೆ, ನೀರು ಆವಿಯಾಗುತ್ತದೆ. ಇತ್ತ ಅರೆಹೊಟ್ಟೆಯದರ ಪ್ಲೇಟುಗಳಿಗೆ ಬಿಳಿ ಹಿಡಿಯುತ್ತದೆ. ಒಂದು ತಿಂದು ಸಾಯುತ್ತದೆ, ಒಂದು ಹಸಿದು ಸಾಯುತ್ತದೆ.

“ಅದಕ್ಕ ಕನ್ವರ್ಟರ್ ಹಾಕ್ಬೇಕು. ಎರಡರಿಂದಾನೂ ಸಮ ತಗೊಂಡು ಇಪ್ಪತ್ನಾಲ್ಕನ್ನ ಹನ್ನೆರಡು ಮಾಡಿ ಕೊಡ್ತೈತಿ. ಲೈನು ಕೀಲಿಯಿಂದ ತಗೊಳ್ಳೋಣ, ಗಾಡಿ ನಿಂತಾಗ ಕುಡೀಬಾರ್ದು.”

ಕೊನೆಯ ಮಾತು ಮುಖ್ಯ. ನಿಂತ ಗಾಡಿಯಲ್ಲಿ ಅರ್ಧ ಆಂಪಿಯರು ಸೋರುತ್ತಿದ್ದರೂ ದಿನಕ್ಕೆ 12 ಆಂಪಿಯರ್-ಅವರ್ ಖರ್ಚು. ಎಪಿಎಂಸಿ ಮುಂದೆ ಲೋಡಿಗೆ ಕಾದು ವಾರ ನಿಂತ ಲಾರಿಗೆ 130ರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಸೆಲ್ಫು ಹೊಡೆದರೆ ಕಟಕಟ ಎನ್ನುತ್ತದೆ, ಎಂಜಿನ್ ಏಳುವುದಿಲ್ಲ. ಅಂಥ ಸೋರಿಕೆಯನ್ನು ಹಿಡಿಯುವುದು ಕಷ್ಟವೇನಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ ನಡುವೆ ಮೀಟರನ್ನು ಆಂಪಿಯರಿಗಿಟ್ಟು ಸೇರಿಸಿ, ಒಂದೊಂದೇ ಫ್ಯೂಸು ಕೀಳುತ್ತ ಹೋದರೆ ಯಾವುದನ್ನು ಕಿತ್ತಾಗ ಮುಳ್ಳು ಇಳಿಯುತ್ತದೋ ಅದೇ ಕಳ್ಳ. ಆದರೆ ಹಾಗೆ ಕೀಳಲು ಫ್ಯೂಸಾದರೂ ಇರಬೇಕು. ನೇರ ಬ್ಯಾಟರಿಗೆ ಕಟ್ಟಿದ ವೈರಿಗೆ ಅದೆಲ್ಲಿ?

ಹುಡುಗ ಕನ್ವರ್ಟರಿನ ರೇಟು ಕೇಳಿದ. ಮೇಸ್ತ್ರಿ ಹೇಳಿದರು. ಕೂಲಿ ಎಷ್ಟೆಂದು ಕೇಳಿದ. ಅದನ್ನೂ ಹೇಳಿದರು. ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿ, “ಮಾಲೀಕರಿಗೆ ಒಂದು ಫೋನ್ ಮಾಡಿ ಬರ್ತೀನಿ ಮಾವ” ಎಂದು ಹೋದ.

ಐದೂವರೆಗೆ ನಾಲ್ಕು ಮಳಿಗೆ ಆಚೆಯಿಂದ ರಸ್ತೆ ನಡುಗುವಂತೆ ಹಾಡು ಶುರುವಾಯಿತು. ಯು-ಬೋಲ್ಟಿನ ಲಾರಿಯ ವೈರಿಗೆ ಕೊಳವೆ ತೊಡಿಸುತ್ತಿದ್ದ ಮಳಿಗೆಯ ಹುಡುಗ ತಲೆ ಹೊರಹಾಕಿ ಆ ಕಡೆ ನೋಡಿದ.

“ಒಂದೇ ಬ್ಯಾಟರಿಯಿಂದ ಕೊಟ್ಟಾರ ಅಲ್ಲೇನ್ರಿ?”

“ಮತ್ತೇನು. ಉಗಾದಿ ಹೊತ್ತಿಗೆ ಬರ್ತಾನ ನೋಡು, ಬ್ಯಾಟರಿಗೆ ಗ್ಯಾರಂಟಿ ಐತೇನ್ರಿ ಅಂತ ಕೇಳ್ಕೊಂಡು. ನೀ ಆ ಕ್ಲಿಪ್ ಹಾಕು ಮೊದ್ಲು.”